ತಂತಿ ತಿಂದ ಬೆಳಕು

ಹೋದ ತಿಂಗಳು ಘಟಪ್ರಭಾ ಸ್ಟೇಶನ್ನಿನಲ್ಲಿ ಇಳಿದು ಹೊರಗೆ ಬಂದಾಗ, ಟಾಂಗಾಗಳು ನಿಲ್ಲುವ ಜಾಗದ ಎದುರಿನ ಆ ಸಣ್ಣ ಅಂಗಡಿಯ ಬಾಗಿಲು ಹಾಕಿತ್ತು. ‘ಇಲ್ಲಿ ಬ್ಯಾಟರಿ ಚಾರ್ಜ್ ಮಾಡಿಕೊಡಲಾಗುವುದು’ ಎಂದು ಬಿಳಿ ಬಣ್ಣದಲ್ಲಿ ಬರೆದ ಹಲಗೆ ಮಾತ್ರ ಹಾಗೇ ಇತ್ತು. ಅದನ್ನು ಬರೆದವರು ಅಂಗಡಿಯವರೇ. ದುಂಡಗಿನ, ಒಂದೂ ತಪ್ಪಿಲ್ಲದ ಅಕ್ಷರ. ಕೀಲಿಯ ಮೇಲೆ ಧೂಳು ಕೂತದ್ದು ಕಂಡು ಬಾಜೂಕಿನ ಸೈಕಲ್ ಅಂಗಡಿಯವನನ್ನು ವಿಚಾರಿಸಿದೆ.

“ಬ್ಯಾಟರಿ ಮಿಸ್ತ್ರಿ ತೀರಿಕೊಂಡು ಎರಡು ತಿಂಗಳಾತ್ರಿ ಬಾಯಾರ,” ಎಂದ ಅವನು, ಟ್ಯೂಬಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸದೆ. “ಕೆಮ್ಮ ಇತ್ತಲ್ರಿ. ಆಸಿಡ್ ಹೊಗಿ ಕುಡದು ಕುಡದು ಎದಿ ಸುಟ್ಟಿತ್ತು ಅಂತಾರ.”

ನಾನು ಹುಕ್ಕೇರಿಯ ಬಸ್ಸು ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಆ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಅವರ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆಯಬೇಕು ಎಂದು ಅನ್ನಿಸಿದ್ದು ಅಲ್ಲೇ. ಬರೆಯಬೇಕಾದವಳು ನಾನು ಎಂಬುದು ಮನಸ್ಸಿಗೆ ಬಂದಾಗ ಸ್ವಲ್ಪ ಹೆದರಿಕೆಯೂ ಆಯಿತು.

ಹೆಸರು ಬರೆಯುವುದಿಲ್ಲ. ಅದು ಅವರಿಗೇ ಬೇಕಿರಲಿಲ್ಲ. ನಾನು ನರ್ಸಾಗಿದ್ದ ದವಾಖಾನೆಯ ಪುಸ್ತಕದಲ್ಲಿ ಬರೆಯಲು ಒಮ್ಮೆ ಹೆಸರು ಕೇಳಿದ್ದಕ್ಕೆ, “ಮಿಸ್ತ್ರಿ ಅಂತ ಬರ್ಕೋರಿ, ಸಾಕು. ಹೆಸರ ಹೇಳಿದ್ರ ಮಂದಿ ಊರ ಕೇಳ್ತಾರ, ಊರ ಹೇಳಿದ್ರ ಓಣಿ ಕೇಳ್ತಾರ,” ಎಂದಿದ್ದರು. ಓಣಿ ಹೇಳಿದ ಮೇಲೆ ಏನಾಗುತ್ತದೆ ಎಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಎತ್ತರದ, ಒಣಕಲು ಮೈಯ ಮನುಷ್ಯ. ಖಾಕಿ ಪ್ಯಾಂಟು, ಅದರ ಮೊಣಕಾಲಿನ ಕೆಳಗೆ ಆಸಿಡ್ ಬಿದ್ದು ಆದ ಸಣ್ಣ ಸಣ್ಣ ತೂತುಗಳು. ಬೆರಳ ತುದಿಗಳು ಹಳದಿ. ದೊಡ್ಡ ಯುದ್ಧದಲ್ಲಿ ಫೌಜಿಗೆ ಸೇರಿ, ಬರ್ಮಾ ಗಡಿಯ ಕಾಡಿನಲ್ಲಿ ವೈರ್‌ಲೆಸ್ ಪೆಟ್ಟಿಗೆಯ ಬ್ಯಾಟರಿ ಹೊರುವ ಕೆಲಸ ಮಾಡಿದ್ದರು. ಸ್ವಾತಂತ್ರ್ಯ ಬಂದ ವರ್ಷ ಊರಿಗೆ ಮರಳಿದಾಗ ಕೈಯಲ್ಲಿದ್ದದ್ದು ಎರಡೇ: ಆ ವಿದ್ಯೆ, ಮತ್ತು ಚರ್ಮದ ಚೀಲದಲ್ಲಿದ್ದ, ಕಿಸೆ ಗಡಿಯಾರದಷ್ಟೇ ದೊಡ್ಡ ಒಂದು ವೋಲ್ಟ್ ಮೀಟರು. “ಆ ಕಾಡಿನ್ಯಾಗ ನನ್ನ ಬೆನ್ನ ಹಿಂದ ಸಾಹೇಬ ಸುದ್ದಾ ನಡೀತಿದ್ದ. ಬ್ಯಾಟರಿ ನನ್ನ ಬೆನ್ನ ಮ್ಯಾಲಿತ್ತಲ್ರಿ,” ಎಂದು ಒಂದೇ ಒಂದು ಸಲ ಹೇಳಿದ್ದನ್ನು ಕೇಳಿದ್ದೇನೆ. ಜಂಬದಿಂದ ಹೇಳಿದ್ದಲ್ಲ. ಹಳೆಯ ಊಟದ ನೆನಪು ಹೇಳಿದ ಹಾಗಿತ್ತು.

ಆ ಕಾಲದಲ್ಲಿ ನಮ್ಮ ಕಡೆ ಕರೆಂಟು ಬಂದ ಊರುಗಳಲ್ಲೂ ಅದು ನೆಂಟರ ಹಾಗೆ ಬಂದು ಹೋಗುತ್ತಿತ್ತು. ಬಾರದ ಊರುಗಳೇ ಹೆಚ್ಚು. ಹಾಗಾಗಿ ಉಳ್ಳವರು ಹಳೆಯ ಬಸ್ಸಿನ ಬ್ಯಾಟರಿ, ಮೋಟಾರಿನ ಹೆಡ್‌ಲೈಟಿನ ಬಲ್ಬು, ಸಿಕ್ಕ ತಂತಿ ಕೂಡಿಸಿ ತಮ್ಮದೇ ದೀಪ ಮಾಡಿಕೊಳ್ಳುತ್ತಿದ್ದರು. ಅವು ಕೆಟ್ಟಾಗ, ಅಥವಾ ಮಂಕಾದಾಗ, ಮಿಸ್ತ್ರಿಗೆ ಕರೆ ಬರುತ್ತಿತ್ತು. ಸೋಮವಾರ ಗೋಕಾಕ, ಬುಧವಾರ ಹುಕ್ಕೇರಿ, ಶನಿವಾರ ನಮ್ಮ ಮೂಡಲಗಿ. ಉಳಿದ ದಿನ ಈ ಅಂಗಡಿ.

ದೀಪ ಮಂಕಾಗಿದೆ ಎಂದರೆ ಅವರು ದೀಪವನ್ನು ಮುಟ್ಟುತ್ತಲೇ ಇರಲಿಲ್ಲ. ಮೊದಲು ಕೂತು ಕೇಳುವರು. ನಿನ್ನೆ ಹೇಗಿತ್ತು, ಮೊನ್ನೆ ಹೇಗಿತ್ತು, ಹಚ್ಚಿದ ಕೂಡಲೇ ಮಂಕೋ, ತಾಸು ಕಳೆದ ಮೇಲೆ ಮಂಕೋ. ನಮ್ಮ ಡಾಕ್ಟರು ಅದನ್ನು ನೋಡಿ, “ನನಗಿಂತ ಚಲೋ ರೋಗಿ ಮಾತಾಡಸ್ತಾನ,” ಎನ್ನುತ್ತಿದ್ದರು. ಹುಕ್ಕೇರಿಯ ಒಬ್ಬ ಗೌಡರು ಮಗಳ ಮದುವೆಗೆ ಒಂದೇ ಬ್ಯಾಟರಿಗೆ ಹನ್ನೆರಡು ಬಲ್ಬು ಕಟ್ಟಿಸಿ, ಬ್ಯಾಟರಿ ಖೊಟ್ಟಿ ಎಂದು ಕೂಗಾಡಿದರಂತೆ. ಮಿಸ್ತ್ರಿ ಒಂದೊಂದೇ ಬಲ್ಬು ಬಿಚ್ಚುತ್ತ ಹೋದರು. ನಾಲ್ಕು ಉಳಿದಾಗ ಮದುವೆಯ ಹಂದರದಲ್ಲಿ ಬೆಳಕಾಯಿತು. “ಒಂದ ರೊಟ್ಟಿ ಹನ್ನೆರಡ ಮಂದಿಗಿ ಹಂಚಿದ್ರ ಯಾರ ಹೊಟ್ಟಿನೂ ತುಂಬೂದಿಲ್ರಿ ಗೌಡ್ರ,” ಎಂದು ಹೇಳಿ ಇಳಿದು ಬಂದರಂತೆ.

ಗೋಕಾಕದ ಅಡತಿ ವ್ಯಾಪಾರಿಯ ಕತೆ ಹೇಳುವಾಗ ಮಾತ್ರ ಅವರು ನಗುತ್ತಿದ್ದರು. ಬ್ಯಾಟರಿಗೆ ವಾರಕ್ಕೊಮ್ಮೆ ಶುದ್ಧ ನೀರು ಹಾಕಬೇಕು ಎಂದು ಹೇಳಿ ಇವರು ಭಟ್ಟಿ ಇಳಿಸಿದ ನೀರಿನ ಬಾಟಲಿ ಕೊಟ್ಟು ಬಂದಿದ್ದರು. ಇವರ ಕೈಯ ನೀರನ್ನು ಮನೆಯೊಳಗೆ ಹೇಗೆ ತರುವುದು? ವ್ಯಾಪಾರಿ ಅದನ್ನು ಹೊರಗೆ ಚೆಲ್ಲಿ, ದೇವರ ಮುಂದಿನ ಗಂಗಾಜಲದ ಗಿಂಡಿಯ ಮುಚ್ಚಳ ಒಡೆದು ಬ್ಯಾಟರಿಗೆ ಸುರಿದ. ಹದಿನೈದು ದಿನದಲ್ಲಿ ಬ್ಯಾಟರಿ ಸತ್ತಿತು. “ಶುದ್ಧ ಅಂದ್ರ ಅವರಿಗಿ ಗಂಗಿ. ಬ್ಯಾಟರಿಗಿ ಗಂಗಿನೂ ಉಪ್ಪ ನೀರ ರಿ.” ನಾನೂ ನಕ್ಕೆ. ಆ ವ್ಯಾಪಾರಿಯನ್ನು ಮನಸ್ಸಿನಲ್ಲೇ ಬೈದೆ. ನನ್ನನ್ನು ನಾನು ಆ ಗುಂಪಿಗೆ ಸೇರಿಸಿಕೊಳ್ಳಲಿಲ್ಲ.

ಈಗ ನನ್ನ ವಿಷಯ ಹೇಳಬೇಕು. ಮಿರಜ್‌ನಲ್ಲಿ ನರ್ಸಿಂಗ್ ಕಲಿತು, ಐವತ್ತರ ದಶಕ ಮುಗಿಯುವ ಹೊತ್ತಿಗೆ ಮೂಡಲಗಿಯ ಒಂದು ಖಾಸಗಿ ಹೆರಿಗೆ ದವಾಖಾನೆಗೆ ಸೇರಿದೆ. ಖಾದಿ ಸೀರೆ ಉಡುತ್ತಿದ್ದೆ. ಸಾಲೆಯಲ್ಲಿ ಅಸ್ಪೃಶ್ಯತೆಯ ಮೇಲೆ ನಿಬಂಧ ಬರೆದು ಬಹುಮಾನ ಗಿಟ್ಟಿಸಿದವಳು. ದವಾಖಾನೆಯ ಹಲಗೆ ಬರೆಸುವಾಗ ಕೆಳಗೆ ‘ಎಲ್ಲ ಜಾತಿಯವರಿಗೂ ಪ್ರವೇಶವಿದೆ’ ಎಂದು ಸೇರಿಸಬೇಕೆಂದು ಡಾಕ್ಟರಿಗೆ ಗಂಟು ಬಿದ್ದವಳೂ ನಾನೇ. ಅವರು ಒಳ್ಳೆಯವರು, ಸೇರಿಸಿದರು.

ದವಾಖಾನೆ ಇದ್ದದ್ದು ಒಂದು ಹಳೆಯ ವಾಡೆಯ ಮುಂದಿನ ಅರ್ಧದಲ್ಲಿ. ಹಿಂದಿನ ಅರ್ಧದಲ್ಲಿ ಮನೆಯ ಒಡತಿ, ಎಲ್ಲರೂ ಆಯಿ ಎಂದು ಕರೆಯುತ್ತಿದ್ದ ಮುದುಕಿ, ಒಬ್ಬಳೇ ಇದ್ದಳು. ಅವಳ ಅಡಿಗೆಮನೆ, ದೇವರ ಕೋಣೆ, ಅದರಾಚೆ ಹಿತ್ತಲು, ಹಿತ್ತಲಿನಲ್ಲಿ ದನ ಇಲ್ಲದ ಕೊಟ್ಟಿಗೆ. ಎರಡೂ ಅರ್ಧಗಳ ನಡುವೆ ಕಿಟಕಿ ಇಲ್ಲದ ಒಂದು ಕೋಣೆ. ಹೆರಿಗೆ ಆಗುತ್ತಿದ್ದದ್ದು ಅಲ್ಲಿ. ಹಗಲಲ್ಲೂ ದೀಪ ಬೇಕು. ಹೊಲಿಗೆ ಹಾಕುವಾಗ ಎಚ್ಚರ ತಪ್ಪಿಸಲು ಈಥರ್ ಕೊಡುತ್ತಿದ್ದುದರಿಂದ ಕಂದೀಲು ಹತ್ತಿರ ತರುವ ಹಾಗಿಲ್ಲ, ಹೊತ್ತಿಕೊಂಡರೆ ಮುಗಿಯಿತು. ಕರೆಂಟು ಇದ್ದರೆ ಇತ್ತು. ಇಲ್ಲದಾಗ ಏನು ಎಂದು ಯೋಚಿಸಿ ಡಾಕ್ಟರು ಮಿಸ್ತ್ರಿಯನ್ನು ಕರೆಸಿದರು.

ಅವರು ಬಂದ ದಿನ ಡಾಕ್ಟರು ಇರಲಿಲ್ಲ. ಮುಂದಿನ ಮೆಟ್ಟಿಲ ಕೆಳಗೆ, ತಗಡಿನ ಪೆಟ್ಟಿಗೆ ಹಿಡಿದು ನಿಂತಿದ್ದರು.

“ಯಾವೂರು?” ಎಂದೆ.

ಊರು ಹೇಳಿದರು.

“ಯಾವ ಓಣಿ?”

ಒಂದು ಕ್ಷಣ ನನ್ನನ್ನು ನೋಡಿದರು. “ಊರ ಹೊರಗಿನ ಕೇರಿ ರಿ. ಈಗ ಬುದ್ಧನ ಮಂದಿ ಆಗೇವಿ,” ಎಂದರು, ತಗ್ಗಿಸದ ದನಿಯಲ್ಲಿ.

ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. “ಹಿತ್ತಲ ಕಡಿಯಿಂದ ಬಾ ಮಿಸ್ತ್ರಿ. ಆಯಿ ಭಾಳ ಮಡಿ.” ಆಗ ಅವರಿಗೆ ನಾನು ಬಹುವಚನ ಕೊಡುತ್ತಿರಲಿಲ್ಲ ಎಂಬುದನ್ನೂ ಬರೆದಿಡುತ್ತೇನೆ. ರೋಗಿಗಳಾಗಿ ಅವರ ಕೇರಿಯ ಹೆಂಗಸರು ಮುಂದಿನ ಬಾಗಿಲಿನಿಂದಲೇ ಬರುತ್ತಿದ್ದರು. ಅದು ಬೇರೆ, ಅದು ಸೇವೆ ಎಂದುಕೊಂಡಿದ್ದೆ. ವಾರವಾರವೂ ಬಂದು ಮನೆಯೊಳಗೆಲ್ಲ ಓಡಾಡುವ ಗಂಡಸು ಎಂದರೆ ಮನಸ್ಸು ಹಿಂದೆ ಸರಿಯಿತು. ಸರಿದದ್ದು ನನ್ನ ಮನಸ್ಸು, ಹೆಸರು ಆಯಿಯದು.

ಅವರು ವಾಡೆಯ ಬದಿಯ ಸಂದಿಯಲ್ಲಿ ಹೆಜ್ಜೆ ಎಣಿಸುತ್ತ ಹಿಂದಕ್ಕೆ ನಡೆದರು. ಕೊಟ್ಟಿಗೆಯಲ್ಲಿ ಹಲಗೆ ಹಾಸಿ, ಆರಾರು ವೋಲ್ಟಿನ ಎರಡು ಬಸ್ ಬ್ಯಾಟರಿ ಇಟ್ಟು ಕೂಡಿಸಿದರು. ಕೊಟ್ಟಿಗೆಯ ಗೋಡೆಯಾಚೆ ಹಿಟ್ಟಿನ ಗಿರಣಿ. ಅದರ ಎಂಜಿನ್ನಿಗೆ ಹಳೆಯ ಲಾರಿಯ ಡೈನಮೋ ಒಂದನ್ನು ಪಟ್ಟಾ ಹಾಕಿ ಸಿಕ್ಕಿಸಿ, ಗೋಡೆಯ ತೂತಿನಿಂದ ತಂತಿ ತಂದು, ಹಗಲೆಲ್ಲ ಬ್ಯಾಟರಿ ತುಂಬುವ ಹಾಗೆ ಮಾಡಿದರು. ಕೊಟ್ಟಿಗೆಯಿಂದ ಹೆರಿಗೆಯ ಕೋಣೆಗೆ, ಗೋಡೆಗುಂಟ, ಸಂದಿಯ ಮೇಲೆ ಹಾಯಿಸಿ, ಅರವತ್ತು ಅಡಿ ತೆಳು ತಂತಿ. ಆಗ ತಾಮ್ರದ ದಪ್ಪ ತಂತಿ ನಮ್ಮ ಕಡೆ ಸಿಗುತ್ತಲೇ ಇರಲಿಲ್ಲ. ಡಾಲ್ಡಾ ಡಬ್ಬಿಯ ತಗಡು ಕತ್ತರಿಸಿ ತಿಕ್ಕಿ ಬಲ್ಬಿಗೆ ಒಂದು ಟೋಪಿ ಮಾಡಿ ನನ್ನ ಕೈಗೆ ಕೊಟ್ಟರು. ಕೈಗೆ ಕೊಟ್ಟರು ಎಂದೆ, ಕೊಟ್ಟದ್ದಲ್ಲ. ಹಿತ್ತಲ ಬಾಗಿಲ ಹೊಸ್ತಿಲ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಎತ್ತಿಕೊಂಡೆ. ಒಳಗಿನ ಕೆಲಸವನ್ನೆಲ್ಲ ಅವರು ಹೊರಗಿನಿಂದ ಹೇಳಿದರು, ನಾನು ಒಳಗಿದ್ದು ಮಾಡಿದೆ.

ದೀಪ ಹತ್ತಿತು. ಮಂಕಾಗಿ ಹತ್ತಿತು.

ಸುಮಾರು ಒಂದು ವರ್ಷ ಆ ದೀಪ ಮಂಕಾಗೇ ಇತ್ತು. ಬಲ್ಬಿನೊಳಗಿನ ಎಳೆ ಕೆಂಪು ದಾರದ ಹಾಗೆ ಕಾಣುತ್ತಿತ್ತು. ಮಿಸ್ತ್ರಿ ಪ್ರತಿ ಶನಿವಾರ ಬಂದು ಒಂದಿಲ್ಲೊಂದು ಮಾಡುತ್ತಿದ್ದರು. ಬ್ಯಾಟರಿಗೆ ತಂತಿ ಸಿಕ್ಕಿಸುವ ಮೊಳೆಗಳ ಮೇಲಿನ ಹಸಿರು ಬೂಷ್ಟು ಕೆರೆದು ವ್ಯಾಸಲೀನ್ ಹಚ್ಚಿದರು. ಗಾಜಿನ ನಳಿಕೆಯಲ್ಲಿ ಆಸಿಡ್ ಎಳೆದು ಹದ ನೋಡಿದರು. ಬಲ್ಬು ಬದಲಿಸಿದರು. ಒಂದು ತಂತಿಯ ಜೊತೆ ಇನ್ನೊಂದು ತಂತಿ ಜೋಡಿಸಿ ಎಳೆದರು. ಆಗ ಬೆಳಕು ಕೆಂಪಿನಿಂದ ಹಳದಿಗೆ ಬಂತು, ಅಲ್ಲಿಗೆ ನಿಂತಿತು. ಆಮೇಲೆ ಬೇಸಿಗೆಯಲ್ಲಿ ಆ ಜೋಡಿ ತಂತಿಯನ್ನು ಯಾರೋ ಕತ್ತರಿಸಿ ಒಯ್ದರು, ಮತ್ತೆ ಕೆಂಪು.

ಒಮ್ಮೆ ಹೊಸ್ತಿಲ ಮೇಲೆ ವೋಲ್ಟ್ ಮೀಟರು ಇಟ್ಟು ಸರಿದು ನಿಂತರು. “ಒಳಗ ಬಲ್ಬಿನ ಬುಡಕ್ಕ ಹಚ್ಚಿ, ಮುಳ್ಳ ಎಲ್ಲಿ ನಿಂದ್ರತೈತಿ ನೋಡಿ ಹೇಳ್ರಿ ಬಾಯಾರ. ದೀಪಾ ಹತ್ತಿದಾಗನ ನೋಡ್ರಿ, ಆರಿಸಿ ನೋಡಬ್ಯಾಡ್ರಿ.”

ನೋಡಿ ಬಂದೆ. “ಎಂಟು.”

“ಇಲ್ಲಿ ಹನ್ನೆರಡ ಐತಿ,” ಎಂದರು.

“ಹಂಗಾದ್ರ ನಡುವಿನ ನಾಕು ಎಲ್ಲಿ ಹೋತು?”

“ತಂತಿ ತಿಂತು ರಿ. ಸಣ್ಣ ವೋಲ್ಟಿನ ಬೆಳಕ ದೂರ ನಡಿಯೂದಿಲ್ಲ.” ಮೀಟರನ್ನು ಚೀಲಕ್ಕೆ ಹಾಕಿ ಅದರ ಗುಂಡಿ ತುಂಬಾ ಹೊತ್ತು ಹಾಕುತ್ತ ನಿಂತರು. “ಬ್ಯಾಟರಿ ತುಂಬೂದು ನಿಧಾನ ಆದ್ರೂ ನಡೀತೈತಿ, ಇಡೀ ದಿನ ಐತಿ ಅದಕ. ದೀಪಾ ಹಂಗಲ್ಲ.”

ಇಷ್ಟು ಕೇಳಿದ ಮೇಲೆ ಮುಂದಿನ ಮಾತು ಏನು ಎಂಬುದು ಕೂಸಿಗೂ ತಿಳಿಯುತ್ತದೆ. ಬ್ಯಾಟರಿಯನ್ನು ದೀಪದ ಹತ್ತಿರ ತನ್ನಿ. ಅವರು ಅದನ್ನು ಹೇಳಲಿಲ್ಲ. ನಾನು ಕೇಳಲಿಲ್ಲ. ಗಿರಣಿ ಆ ಕಡೆ ಇದೆಯಲ್ಲ, ಆಸಿಡ್ ವಾಸನೆ ಬೇರೆ, ದೇವರ ಕೋಣೆ ಹತ್ತಿರ, ಹೀಗೆ ನೂರೆಂಟು ನೆವ ಕೈಗೆ ಸಿಗುವ ಹಾಗಿದ್ದವು. ಆ ದಿನ ನಾನು ಅವರಿಗೆ ಚಹ ಕೊಟ್ಟೆ, ಕೊಟ್ಟಿಗೆಯ ಗೂಡಿನಲ್ಲಿ ಅವರಿಗೆಂದೇ ಇಟ್ಟಿದ್ದ ಹಿಡಿ ಮುರಿದ ಕಪ್ಪಿಗೆ ಮೇಲಿನಿಂದ ಸುರಿದು. ಅವರು ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿ ಬೋರಲು ಹಾಕಿದರು.

ಶ್ರಾವಣದ ಒಂದು ಶನಿವಾರ. ಮೋಡ ಕವಿದು ಮಧ್ಯಾಹ್ನವೇ ಸಂಜೆಯಾದ ಹಾಗಿತ್ತು. ಕರೆಂಟು ಬೆಳಗಿನಿಂದ ಇರಲಿಲ್ಲ. ಹತ್ತಿರದ ಹಳ್ಳಿಯಿಂದ ಚಕ್ಕಡಿಯಲ್ಲಿ ತಂದ ಒಬ್ಬ ಹೆಣ್ಣುಮಗಳಿಗೆ ಹೆರಿಗೆ ಆಯಿತು. ಕೂಸು ಅತ್ತಿತು, ಎಲ್ಲರೂ ಉಸಿರು ಬಿಟ್ಟೆವು. ಆಮೇಲೆ ನೋಡಿದರೆ ರಕ್ತ ನಿಲ್ಲುತ್ತಿಲ್ಲ. ಒಳಗೆ ಎಲ್ಲೋ ಹರಿದಿತ್ತು. ಈಥರ್ ಕೊಟ್ಟಾಗಿತ್ತು. ಡಾಕ್ಟರು ಸೂಜಿ ಹಿಡಿದು ಬಗ್ಗಿದರು. ನಾನು ಆ ಕೆಂಪು ದಾರದ ದೀಪವನ್ನು ಹತ್ತಿರ ಹಿಡಿದೆ.

“ಕಾಣವಲ್ದು ಸಿಸ್ಟರ್,” ಎಂದರು ಡಾಕ್ಟರು. ಸ್ವಲ್ಪ ಹೊತ್ತಿಗೆ ಮತ್ತೆ, ಇನ್ನೂ ಮೆಲ್ಲಗೆ, “ನನಗ ಏನೂ ಕಾಣವಲ್ದು.”

ಟಾರ್ಚಿನ ಸೆಲ್ಲು ಹಿಂದಿನ ದಿನವೇ ಮುಗಿದಿದ್ದವು. ದೀಪವನ್ನು ದವಾಖಾನೆಯ ಕೆಲಸದಾಕೆ ಆಯಾಬಾಯಿಯ ಕೈಗಿಟ್ಟು ನಾನು ಆಯಿಯ ಅಡಿಗೆಮನೆಯ ಬದಿಯ ಓಣಿಯಂಥ ಜಾಗದಲ್ಲಿ ಹಿತ್ತಲಿಗೆ ಓಡಿದೆ. ಅವರ ವಾರದ ದಿನ. ಕೊಟ್ಟಿಗೆಯಲ್ಲಿ ಕೂತು ಬ್ಯಾಟರಿಗೆ ನೀರು ಹಾಕುತ್ತಿದ್ದರು.

“ಮಿಸ್ತ್ರಿ, ದೀಪಾ ಬೇಕು. ಆಕಿ ಉಳಿಯೂದಿಲ್ಲ.”

ಅವರು ಕೂಡಲೇ ತಂತಿ ಬಿಚ್ಚಿದರು. ಒಂದು ಬ್ಯಾಟರಿಯನ್ನು ಎದೆಗೆ ಒತ್ತಿ ಎತ್ತಿಕೊಂಡು ಹಿತ್ತಲ ಬಾಗಿಲಿಗೆ ಬಂದರು. ಬಂದು, ಹೊಸ್ತಿಲ ಆಚೆ ನಿಂತುಬಿಟ್ಟರು. ಬ್ಯಾಟರಿಯನ್ನು ಹೊಸ್ತಿಲ ಮೇಲೆ ಇಳಿಸಿ ನನ್ನನ್ನು ನೋಡಿದರು. ನಾನು ಎತ್ತಲು ಹೋದೆ. ಅದು ಕದಲಲಿಲ್ಲ.

“ಒಳಗ ಬರ್ರಿ,” ಎಂದೆ.

“ಯಾರು ಕರಿಯಾಕತ್ತೀರಿ ಬಾಯಾರ? ಈ ಬಾಗಲಾ ನಿಮ್ಮದಲ್ಲ.”

ಆಯಿ ಒಳಗೆ ಒಲೆಯ ಮುಂದೆ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. “ನಿಂದ್ರು,” ಎಂದು ಎದ್ದಳು. ದಾರಿಯಲ್ಲಿದ್ದ ಕುಡಿಯುವ ನೀರಿನ ಎರಡು ಕೊಡಗಳನ್ನು ಒಂದೊಂದಾಗಿ ಎತ್ತಿ ಒಳಗಿಟ್ಟಳು. ದೇವರ ಕೋಣೆಯ ಬಾಗಿಲು ಎಳೆದಳು. ಸೆರಗು ಕೂಡಿಸಿಕೊಂಡು ಗೋಡೆಗೆ ಸರಿದು ನಿಂತು, “ಈಗ ಬಾ. ಲಗೂನ ಬಾ,” ಎಂದಳು. ಆ ಎರಡು ಕೊಡ ಎತ್ತಿಡುವಷ್ಟು ಹೊತ್ತು ನನಗೆ ಆ ಮುದುಕಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಅವರು ಬಂದರು. ಒಂದು ಬ್ಯಾಟರಿ ಇಟ್ಟು ಮತ್ತೆ ಹೋಗಿ ಎರಡನೆಯದನ್ನು ತಂದರು. ಎರಡನೆಯ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ನೆಲದಲ್ಲಿ ಕೂತು, ಚಾಕುವಿನಿಂದ ಮೊಳೆ ಕೆರೆದು, ಎರಡು ಮೊಳ ತಂತಿಯಲ್ಲಿ ಬಲ್ಬಿಗೆ ಕೂಡಿಸಿದರು. ಬಟನ್ ಒತ್ತಿದಾಗ ಆ ಕೋಣೆಯ ಮೂಲೆಯಲ್ಲಿ ಜೇಡರ ಬಲೆ ಇದೆ ಎಂದು ನನಗೆ ಮೊದಲ ಸಲ ಗೊತ್ತಾಯಿತು. ಅಷ್ಟು ಬೆಳ್ಳಗಿನ ಬೆಳಕು.

ಡಾಕ್ಟರ ಕೈ ಓಡತೊಡಗಿತು. ನಾನು ಅವರಿಗೆ ಕತ್ತರಿ, ದಾರ ಕೊಡಬೇಕು. ಆಯಾಬಾಯಿ ಕೂಸು ಹಿಡಿದಿದ್ದಳು. ದೀಪ ಹಿಡಿಯುವವರಿಲ್ಲ. ಮಿಸ್ತ್ರಿ ದೀಪ ಹಿಡಿದು, ಆ ಹೆಣ್ಣುಮಗಳ ಕಡೆ ಬೆನ್ನು ತಿರುಗಿಸಿ, ಮುಖ ಗೋಡೆಗೆ ಮಾಡಿ, ಕೈಯನ್ನು ಹಿಂದಕ್ಕೆ ಚಾಚಿ ನಿಂತರು. ಬೆಳಕು ಎಲ್ಲಿ ಬೀಳುತ್ತಿದೆ ಎಂದು ಅವರಿಗೆ ಕಾಣುತ್ತಿರಲಿಲ್ಲ. “ಇನ್ನಷ್ಟ ಕೆಳಗ,” ಎಂದು ನಾನು ಅವರ ಮಣಿಕಟ್ಟು ಹಿಡಿದು ತಿರುಗಿಸಿದೆ. ಮತ್ತೆ ಹಿಡಿದೆ, ಮತ್ತೆ ತಿರುಗಿಸಿದೆ. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಮುಕ್ಕಾಲು ತಾಸು ಅವರು ಹಾಗೇ ಹಿಡಿದು ನಿಂತರು.

ಹೆಣ್ಣುಮಗಳು ಬದುಕಿದಳು.

ಕೈ ತೊಳೆದು ಬಂದ ಡಾಕ್ಟರು, “ಇದು ಇನ್ನ ಇಲ್ಲೇ ಇರಲಿ ಮಿಸ್ತ್ರಿ. ಬಾಜೂ ಕೋಣ್ಯಾಗ ಇಡೂಣು,” ಎಂದರು.

ಮಿಸ್ತ್ರಿ ಸೋಡಾದ ಪುಡಿಯಿಂದ ಕೈ ತಿಕ್ಕಿಕೊಳ್ಳುತ್ತಿದ್ದರು. “ಇದು ಇಲ್ಲೇ ಇದ್ರ ವಾರಕ್ಕೊಮ್ಮೆ ನಾನೂ ಇಲ್ಲೇ ಬರಬೇಕಾಕ್ಕೈತ್ರಿ ಸಾಹೇಬ್ರ. ನೀರ ಹಾಕಬೇಕು, ಮೊಳಿ ನೋಡಬೇಕು. ವಿಚಾರ ಮಾಡಿ ಈಗ ಹೇಳ್ರಿ. ಇಲ್ಲಾಂದ್ರ ಹೊತಗೊಂಡು ಹೋಗಿ ಕೊಟಗ್ಯಾಗ ಇಡತೇನಿ.”

ಡಾಕ್ಟರು ನನ್ನನ್ನು ನೋಡಿದರು. ಹಿತ್ತಲ ವ್ಯವಸ್ಥೆ ನನ್ನದು ಎಂದು ಅವರಿಗೆ ಗೊತ್ತಿತ್ತು.

“ಆಯೀನ ಕೇಳಬೇಕು,” ಎಂದೆ.

ಹಿಂದಕ್ಕೆ ಹೋದರೆ ಆಯಿ, ಮಿಸ್ತ್ರಿ ನಡೆದುಹೋದ ಜಾಗವನ್ನು ಸೆಗಣಿ ನೀರಿನಿಂದ ಸಾರಿಸುತ್ತಿದ್ದಳು. ನನ್ನ ನೆತ್ತಿ ಕಾಯಿತು. ಇಪ್ಪತ್ತನಾಲ್ಕರ ವಯಸ್ಸು, ಹೊಟ್ಟೆಯಲ್ಲಿ ಹಿಡಿದಿಟ್ಟದ್ದೆಲ್ಲ ಹೊರಬಂತು. ಒಂದು ಜೀವ ಹೋಗುವಾಗ ಕೊಡ ಎತ್ತಿಡುತ್ತ ನಿಂತೆಯಲ್ಲ, ನಿನ್ನ ಮಡಿಗೋಸ್ಕರ ಒಂದು ವರ್ಷ ದವಾಖಾನೆಯನ್ನು ಕತ್ತಲಲ್ಲಿ ಇಟ್ಟೆಯಲ್ಲ ಎಂದು ಬಾಯಿಗೆ ಬಂದದ್ದು ಆಡಿದೆ.

ಆಯಿ ಪೂರ್ತಿ ಕೇಳಿದಳು. ಕೈ ಒರೆಸಿಕೊಂಡಳು.

“ನಾ ಮಡಿ ಮುದಿಕಿ, ಖರೆ. ನನ್ನ ಅರ್ಧಾದಾಗ ನನಗ ಬೇಕಾದಂಗ ಇರತೇನಿ, ನೀ ಬೈದ್ರೂ ಇರತೇನಿ. ಆದ್ರ ಆ ಕತ್ತಲಿ ಕ್ವಾಣಿ ನಿಮಗ ಬಾಡಗಿ ಕೊಟ್ಟೇನಲ್ಲ. ಮುಂದಿನ ಬಾಗಲಾನೂ ನಿಮ್ಮದ. ಅಲ್ಲಿಂದ ಯಾರ ಬರತಾರ, ಯಾರ ಹೋಗ್ತಾರ ಅಂತ ನಾ ಯಾವತ್ತರ ಕೇಳೇನೇನು? ಅವನ್ನ ನನ್ನ ಹಿತ್ತಲಕ ಕಳಿಸಿದಾಕಿ ನೀನು. ನನ್ನ ಒಂದ ಮಾತ ಕೇಳಿದ್ದೇನವಾ?”

ಕೇಳಿರಲಿಲ್ಲ. ಅವಳು ಮತ್ತೆ ಸಾರಿಸತೊಡಗಿದಳು. ಅವಳ ಸಾರಣೆ ಕಣ್ಣಿಗೆ ಕಾಣುತ್ತಿತ್ತು, ತೊಳೆದರೆ ಹೋಗುವಂಥದ್ದು. ನನ್ನದು ಖಾದಿಯ ಕೆಳಗೆ ಇತ್ತು.

ಮರಳಿ ಬಂದು ಮಿಸ್ತ್ರಿಗೆ, “ಬರೂ ಶನಿವಾರ ಮುಂದಿನ ಬಾಗಲದಿಂದ ಬರ್ರಿ,” ಎಂದೆ. ಇಷ್ಟೇ ಹೇಳಿದೆ. ನಿಜ ಹೇಳುವ ಧೈರ್ಯ ಆಗಲಿಲ್ಲ. ಆಯಿ ಒಪ್ಪಿದಳು ಎಂದೇ ಅವರು ತಿಳಿದುಕೊಳ್ಳಲಿ ಎಂದು ಬಿಟ್ಟುಬಿಟ್ಟೆ.

ಮುಂದಿನ ಶನಿವಾರ ಅವರು ಮುಂದಿನ ಮೆಟ್ಟಿಲು ಹತ್ತಿ, ಬೂಟು ಬಿಚ್ಚಿಟ್ಟು, ಒಳಗೆ ಬಂದು ಬೆಂಚಿನ ಮೇಲೆ ಕೂತರು. ಬಾಜೂ ಕೋಣೆಯ ಬ್ಯಾಟರಿಗೆ ನೀರು ಹಾಕಿದರು. ಗಿರಣಿಯಿಂದ ಬರುವ, ಬ್ಯಾಟರಿ ತುಂಬುವ ತಂತಿಯನ್ನು ಮಾತ್ರ ಉದ್ದ ಮಾಡಿದರು. ಅಲ್ಲಿಂದ ನಾನು ಮೂಡಲಗಿ ಬಿಡುವವರೆಗೆ ಆ ದೀಪ ಒಂದು ದಿನವೂ ಮಂಕಾಗಲಿಲ್ಲ. ಕೊಟ್ಟಿಗೆಯ ಗೂಡಿನ ಕಪ್ಪನ್ನು ನಾನು ಗುಟ್ಟಾಗಿ ತೆಗೆದು ಒಗೆದೆ. ಅವರು ಅದನ್ನು ಕೇಳಲಿಲ್ಲ.

ಹುಕ್ಕೇರಿಯ ಸರಕಾರಿ ದವಾಖಾನೆಯಲ್ಲಿ ಕೆಲಸ ಸಿಕ್ಕಿ ಮೂಡಲಗಿ ಬಿಟ್ಟ ಮೇಲೆ, ಒಂದು ದಿನ ಧೈರ್ಯ ಮಾಡಿ ಇದೇ ಘಟಪ್ರಭಾದ ಅಂಗಡಿಗೆ ಬಂದೆ. ಆಗಲೇ ಕೆಮ್ಮುತ್ತಿದ್ದರು. ಅಂಗಡಿಯ ಹಿಂದೆಯೇ ಮನೆ. ಬಾಗಿಲು ತೆರೆದಿತ್ತು, ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಒಂದು ಬಲ್ಬು, ಬಲ್ಬಿನ ಬುಡದಲ್ಲೇ ಬ್ಯಾಟರಿ. ನಡುವೆ ಗೇಣುದ್ದ ತಂತಿ.

“ಮಿಸ್ತ್ರಿ, ಒಂದು ಮಾತು ಹೇಳೂದಿತ್ತು,” ಎಂದೆ. “ಮೊದಲನೇ ದಿನಾ ನಿಮ್ಮನ್ನ ಹಿತ್ತಲಕ ಕಳಿಸಿದಾಕಿ ನಾನು. ಆಯಿ ಏನೂ ಅಂದಿರಲಿಲ್ಲ.”

ಅವರು ಮೀಟರಿನ ಮುಳ್ಳನ್ನು ನೋಡುತ್ತಿದ್ದರು, ತಲೆ ಎತ್ತಲಿಲ್ಲ. “ಗೊತ್ತಿತ್ರಿ.”

“ಗೊತ್ತಿದ್ದೂ ಒಂದ ವರ್ಷ ಯಾಕ ಸುಮ್ಮನಿದ್ರಿ? ಬ್ಯಾಟರಿ ಹತ್ತರ ಇಡಬೇಕು ಅಂತ ಒಂದ ಮಾತ ಹೇಳಬೇಕಿತ್ತು.”

“ಹೇಳಿ ಒಳಗ ಬರೂದು ನನಗ ಬ್ಯಾಡಾಗಿತ್ತು. ಕರೀತೀರಿ ಅಂತ ಕಾದೆ.” ಕೆಮ್ಮು ಬಂತು, ನಿಂತ ಮೇಲೆ ಮುಂದುವರಿಸಿದರು. “ಕಾಯಬಾರದಿತ್ರಿ. ಆ ಹೆಣಮಗಳು ಹೋಗಿದ್ರ ಅದರಾಗ ನನ್ನ ಪಾಲೂ ಇರತಿತ್ತು. ಇನ್ನೂ ಒಮ್ಮೊಮ್ಮೆ ನಿದ್ದಿ ಹತ್ತೂದಿಲ್ಲ.”

ತಪ್ಪಿನ ಪಾಲನ್ನು ಅವರು ಹಾಗೆ ತಾವಾಗಿ ಎತ್ತಿಕೊಂಡಾಗ ನನಗೆ ತಲೆ ಎತ್ತಲು ಆಗಲಿಲ್ಲ. ಅವರ ಹೆಂಡತಿ ಚಹ ತಂದು ನನ್ನ ಕೈಗೇ ಕೊಟ್ಟರು. ಮಿಸ್ತ್ರಿಗೂ ಅಂಥದ್ದೇ ಕಪ್ಪು. ಕುಡಿದು ಮುಗಿಸಿದ ಮೇಲೆ, ಕೇಳದೆ ಇರಲಾಗದೆ ಕೇಳಿದೆ.

“ನಾನ ಕಳಿಸಿದ್ದು ಅಂತ ನಿಮಗ ಹೆಂಗ ಗೊತ್ತಾತು? ಆಯಿ ಹೇಳಿದ್ಲೇನು?”

ಅವರು ಮೊದಲ ಸಲ ಮುಖ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟು ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

“ಯಾರೂ ಹೇಳಲಿಲ್ರಿ. ಆವತ್ತ ನಿಮ್ಮ ಮೆಟ್ಟಲ ಕೆಳಗ ನಿಂತಾಗ ತಲಿ ಮ್ಯಾಲನ ಬೋರ್ಡ್ ಇತ್ತಲ್ಲ. ದವಾಖಾನಿ ಅಂತ ಇತ್ತು. ಅದರ ಕೆಳಗ ‘ಎಲ್ಲ ಜಾತಿಯವರಿಗೂ’ ಅಂತ ಇನ್ನೊಂದ ಸಾಲ ಇತ್ತು. ಆ ಬಾಗಲಾ ದವಾಖಾನಿದು, ಆಯೀದಲ್ಲ. ನನಗ ಓದಾಕ ಬರತೈತ್ರಿ ಬಾಯಾರ.”

ಆ ದಿನ ನಾನು ಎದ್ದು ಬಂದೆ. ಕ್ಷಮಿಸಿ ಎಂದು ಹೇಳಲಿಲ್ಲ. ಮತ್ತೆ ಬಂದಾಗ ಹೇಳಿದರಾಯಿತು ಎಂದುಕೊಂಡಿದ್ದೆ. ಹೋದ ತಿಂಗಳು ಆ ಕಟ್ಟೆಯ ಮೇಲೆ ಕೂತು, ಕೀಲಿ ಹಾಕಿದ ಬಾಗಿಲಿಗೆ ಅದನ್ನು ಹೇಳಿ, ಸಂಜೆಯ ಬಸ್ಸಿಗೆ ಹುಕ್ಕೇರಿಗೆ ಹೋದೆ.